ಕಾಯಿಸುವುದಾದರೆ ಕನ್ನಡದಲ್ಲಿ ಕಾಯಿಸಿ!

ಕನ್ನಡಿಗ ಕಾಯುವುದರಲ್ಲಿ ಪಳಗಿದವನು. ತಾಲ್ಲೂಕು ಕಚೇರಿಯ ಜಗುಲಿಯಲ್ಲಿ ಕಾದಿದ್ದಾನೆ, ಬ್ಯಾಂಕಿನ ಕೌಂಟರಿನ ಮುಂದೆ ಕಾದಿದ್ದಾನೆ, ಬಾರದ ಬಸ್ಸಿಗಾಗಿ ಮಳೆಯಲ್ಲಿ ನಿಂತು ಕಾದಿದ್ದಾನೆ. ಈಗ ಅವನನ್ನು ಕಾಯಿಸಲು ಹೊಸದೊಂದು ಸಾಧನ ಬಂದಿದೆ. ಕಂಪ್ಯೂಟರ್ ಪರದೆಯ ನಡುವೆ ಗಿರಗಿರನೆ ತಿರುಗುವ ಪುಟ್ಟ ಚಕ್ರ! ಅದರ ಕೆಳಗೆ ಎರಡು ಮಾತು: 'ಲೋಡಿಂಗ್, ಪ್ಲೀಸ್ ವೇಟ್.'

ಪುಟದ ತಲೆಬರಹ ಕನ್ನಡದಲ್ಲಿದೆ. ಮಂತ್ರಿಗಳ ಭಾವಚಿತ್ರದ ಕೆಳಗಿನ ಹೆಸರು ಕನ್ನಡದಲ್ಲಿದೆ. ಯೋಜನೆಯ ಗುಣಗಾನ ಕನ್ನಡದಲ್ಲಿದೆ. ಆದರೆ 'ಏನಾಯಿತು? ನನ್ನ ಅರ್ಜಿ ಹೋಯಿತೇ? ನನ್ನ ದುಡ್ಡು ಎಲ್ಲಿ?' ಎಂದು ಮನುಷ್ಯ ನಿಜವಾಗಿ ಗಾಬರಿಯಾಗುವ ಆ ಒಂದು ಗಳಿಗೆಯಲ್ಲಿ ಮಾತ್ರ ಇಂಗ್ಲಿಷ್. ಎಷ್ಟೋ ಪುಟಗಳಲ್ಲಿ ಆ ಚಕ್ರವೂ ಇಲ್ಲ, ಇಂಗ್ಲಿಷೂ ಇಲ್ಲ. ಗುಂಡಿ ಒತ್ತಿದರೆ ಪರದೆ ಕಲ್ಲಿನಂತೆ ಸುಮ್ಮನಿರುತ್ತದೆ.

'ಅಯ್ಯೋ, ಇದೂ ಒಂದು ಕನ್ನಡದ ಸಮಸ್ಯೆಯೇ?' ಎಂದು ಬೆಂಗಳೂರಿನ ಗೆಳೆಯರು ನಗಬಹುದು. ನಗಿ, ಬೇಡವೆನ್ನುವುದಿಲ್ಲ. ನಕ್ಕಾದ ಮೇಲೆ ಒಮ್ಮೆ ಜುಲೈ ತಿಂಗಳ ಮಳೆಯಲ್ಲಿ ಕೊಡಗಿಗೆ ಬನ್ನಿ.

ಹೋಬಳಿ ಬಂತು, ಗ್ರಾಮ ಬರಲಿಲ್ಲ

ಕೊಡಗಿನ ಮಳೆಗಾಲ ಗೊತ್ತಿರುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಗಾಳಿ ಬೀಸಿದರೆ ಮರ ಬೀಳುತ್ತದೆ, ಮರ ಬಿದ್ದರೆ ವಿದ್ಯುತ್ ತಂತಿ ಹರಿಯುತ್ತದೆ, ಕರೆಂಟು ಹೋದರೆ ಟವರಿನ ಸಿಗ್ನಲ್ಲೂ ಅದರ ಹಿಂದೆ ಹೋಗುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳೇ ಕುಸಿದು ಮಕ್ಕಂದೂರು, ಜೋಡುಪಾಲದ ಕಡೆಯ ಊರುಗಳು ರಸ್ತೆ, ವಿದ್ಯುತ್, ದೂರವಾಣಿ ಮೂರನ್ನೂ ಕಳೆದುಕೊಂಡು ಕುಳಿತಿದ್ದವು. ಅಂಥ ವರ್ಷದ ಮಾತು ಬಿಡಿ. ಸಾಧಾರಣ ಮಳೆಗಾಲದಲ್ಲೂ ಕಾಫಿ ತೋಟದ ನಡುವಿನ ಮನೆಗೆ ಇಂಟರ್ನೆಟ್ ಬರುವುದು ಮುಂಗಾರಿನ ಬಿಸಿಲಿನಂತೆ. ಬಂದಾಗ ಬಂತು.

ಅಂಥ ಮನೆಯಲ್ಲಿ ಕುಳಿತು ಒಬ್ಬ ಬೆಳೆಗಾರ ತನ್ನ ಪಹಣಿ ನೋಡಬೇಕು ಎಂದುಕೊಳ್ಳಿ. ಪುಟದಲ್ಲಿ ಮೊದಲು ಜಿಲ್ಲೆ ಆರಿಸಬೇಕು. ಆಮೇಲೆ ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ. ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಒಂದು ಮೆಟ್ಟಿಲು ಇಳಿದಾಗಲೆಲ್ಲ ಪುಟದ ಆ ಒಂದು ತುಣುಕು ಮಾತ್ರ ದೂರದ ಸರ್ವರಿನ ಜೊತೆ ಮಾತಾಡಿ ಮುಂದಿನ ಪಟ್ಟಿಯನ್ನು ತರುತ್ತದೆ. ಬೆಂಗಳೂರಿನ ಕಚೇರಿಯಲ್ಲಿ ಇದು ಕಣ್ಣು ಮಿಟುಕಿಸುವಷ್ಟರ ಕೆಲಸ. ಭಾಗಮಂಡಲದಲ್ಲಿ ಅದೇ ಕೆಲಸಕ್ಕೆ ಅರ್ಧ ನಿಮಿಷ ಹಿಡಿದರೂ ಆಶ್ಚರ್ಯವಿಲ್ಲ.

ಆ ಅರ್ಧ ನಿಮಿಷದಲ್ಲಿ ಪರದೆ ಏನು ಹೇಳುತ್ತದೆ? ಏನೂ ಹೇಳದಿದ್ದರೆ ಆ ಮನುಷ್ಯ ಏನೆಂದು ತಿಳಿಯಬೇಕು? ಖಾಲಿ ಪಟ್ಟಿಗೆ ಎರಡು ಅರ್ಥವಿದೆ: 'ಇಲ್ಲಿ ಏನೂ ಇಲ್ಲ' ಎನ್ನುವುದು ಒಂದು, 'ಇನ್ನೂ ಬಂದಿಲ್ಲ, ತಾಳಿ' ಎನ್ನುವುದು ಇನ್ನೊಂದು. ಇವೆರಡರ ನಡುವೆ ಭೂಮಿ ಆಕಾಶದ ಅಂತರ! ಕೊಡಗಿನಲ್ಲಂತೂ ಈ ಗೊಂದಲ ಇಮ್ಮಡಿ. ಬಹುಕಾಲ ಮೂರೇ ತಾಲ್ಲೂಕು ಇದ್ದ ಜಿಲ್ಲೆಯಲ್ಲಿ ಪೊನ್ನಂಪೇಟೆ, ಕುಶಾಲನಗರ ಸೇರಿ ಈಗ ಐದಾಗಿವೆ. ಹುದಿಕೇರಿಯವನ ಹಳೆಯ ಕಾಗದಗಳಲ್ಲೆಲ್ಲ ವಿರಾಜಪೇಟೆ ತಾಲ್ಲೂಕು ಎಂದಿದೆ, ಈಗ ಅವನ ತಾಲ್ಲೂಕು ಪೊನ್ನಂಪೇಟೆ. ಅವನು ತಾಲ್ಲೂಕು ಆರಿಸಿ ಕುಳಿತಿದ್ದಾನೆ. ಹೋಬಳಿಯ ಪಟ್ಟಿ ಖಾಲಿ. ತಾನು ತಪ್ಪು ತಾಲ್ಲೂಕು ಒತ್ತಿದೆನೋ, ತನ್ನ ಊರೇ ದಾಖಲೆಯಿಂದ ಮಾಯವಾಯಿತೋ, ಸಿಗ್ನಲ್ ಹೋಯಿತೋ? ಪರದೆಗೆ ಗೊತ್ತಿದೆ, ಅವನಿಗೆ ಗೊತ್ತಿಲ್ಲ. ಗೊತ್ತಿರುವವರು ಬಾಯಿ ಬಿಡುವುದಿಲ್ಲ.

ಇದಕ್ಕಿಂತ ಕೆಟ್ಟದ್ದೂ ಉಂಟು. ಹೊಸ ಪಟ್ಟಿ ಬರುವ ತನಕ ಹಳೆಯ ಹೋಬಳಿಯ ಗ್ರಾಮಗಳೇ ಪರದೆಯ ಮೇಲೆ ನಿಂತಿರುತ್ತವೆ. ಅವಸರದಲ್ಲಿ ಅದರಲ್ಲೇ ಒಂದನ್ನು ಒತ್ತಿದರೆ ಅರ್ಜಿ ಬೇರೆ ಊರಿಗೆ! ಜಮ್ಮಾ ಜಾಗದ ಪಹಣಿಯಲ್ಲಿ ಒಂದು ಮನೆತನದ ಹಲವು ಹೆಸರುಗಳಿರುವ ಜಿಲ್ಲೆ ಇದು. ಇಲ್ಲಿ ದಾಖಲೆಯ ಒಂದು ತಪ್ಪನ್ನು ತಿದ್ದಿಸಿಕೊಳ್ಳಲು ಎಷ್ಟು ಸಲ ಮಡಿಕೇರಿಗೆ ಅಲೆಯಬೇಕಾಗುತ್ತದೆ ಎಂದು ಕೊಡಗಿನವರನ್ನೇ ಕೇಳಿ.

ದುಡ್ಡಿನ ವಿಷಯಕ್ಕೆ ಬನ್ನಿ. ಶುಲ್ಕ ಕಟ್ಟುವ ಗುಂಡಿ ಒತ್ತಿದ್ದಾಯಿತು. ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು, ಪರದೆ ಅಲ್ಲಾಡುವುದಿಲ್ಲ. ಯಾರಾದರೂ ಏನು ಮಾಡುತ್ತಾರೆ? ಮತ್ತೊಮ್ಮೆ ಒತ್ತುತ್ತಾರೆ. ಎರಡನೇ ಸಲವೂ ದುಡ್ಡು ಹೋಗುವುದುಂಟು. ಅದನ್ನು ಮರಳಿ ಪಡೆಯುವ ಅರ್ಜಿಗೆ ಇನ್ನೊಂದು ಪುಟ, ಇನ್ನೊಂದು ಚಕ್ರ! ತಪ್ಪು ಒತ್ತಿದವನದೇ? 'ಹಣ ಹೋಗುತ್ತಿದೆ, ಮತ್ತೆ ಒತ್ತಬೇಡಿ' ಎಂದು ಅವನ ಮಾತಿನಲ್ಲಿ ಹೇಳದೆ ಬಿಟ್ಟವರದೇ?

ಎರಡನೇ ಪರದೆಯ ಪಾಠ

ಸ್ವಾಮಿ, ಇದು ಕರ್ನಾಟಕಕ್ಕೆ ಗೊತ್ತಿಲ್ಲದ ವಿದ್ಯೆಯಲ್ಲ. ಕಾಲು ಶತಮಾನದ ಹಿಂದೆಯೇ ನಾವು ಇದನ್ನು ಮಾಡಿ ತೋರಿಸಿದ್ದೇವೆ.

2000ದ ಸುಮಾರಿಗೆ 'ಭೂಮಿ' ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಲಾಯಿತು, ಅದೂ ಕನ್ನಡದಲ್ಲಿ. ತಾಲ್ಲೂಕು ಕಚೇರಿಗಳಲ್ಲಿ ಭೂಮಿ ಕೇಂದ್ರಗಳು ತೆರೆದವು. ಆ ಕೇಂದ್ರಗಳಲ್ಲಿ ಒಂದು ಸಣ್ಣ ಏರ್ಪಾಡಿತ್ತು. ಸಿಬ್ಬಂದಿಯ ಎದುರಿಗೆ ಒಂದು ಪರದೆ, ರೈತನ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆ! ಒಳಗಿರುವವನು ಏನು ತೆಗೆಯುತ್ತಿದ್ದಾನೆ, ಯಾರ ಹೆಸರು ಬಂತು ಎನ್ನುವುದನ್ನು ಕಿಟಕಿಯ ಹೊರಗೆ ನಿಂತ ರೈತ ತನ್ನ ಕಣ್ಣಾರೆ ನೋಡಬಹುದಿತ್ತು. ಖಾತೆ ಬದಲಾವಣೆಯ ಅರ್ಜಿಗಳಿಗೂ ಮೊದಲು ಬಂದವರಿಗೆ ಮೊದಲು ಎಂಬ ನಿಯಮವಾಯಿತು. ಅಷ್ಟರ ತನಕ ಪಹಣಿಗಾಗಿ ಗ್ರಾಮ ಲೆಕ್ಕಿಗರ ಹಿಂದೆ ಅಲೆದವನಿಗೆ 'ಕೆಲಸ ನಡೆಯುತ್ತಿದೆ' ಎನ್ನುವುದು ಮೊದಲ ಸಲ ಕಣ್ಣಿಗೆ ಕಂಡಿತು.

ಪರದೆಯ ಮೇಲೆ ತಿರುಗುವ ಇಂದಿನ ಚಕ್ರಕ್ಕೆ ಆ ಎರಡನೇ ಪರದೆಯೇ ಅಜ್ಜ. ಕಾಯುತ್ತಿರುವವನಿಗೆ, ಏನು ನಡೆಯುತ್ತಿದೆ ಎಂದು ಅವನ ಕಣ್ಣಿಗೆ ಕಾಣುವಂತೆ, ಅವನ ಭಾಷೆಯಲ್ಲಿ ತೋರಿಸಬೇಕು. ಅಂದು ಅಧಿಕಾರಿಗಳಿಗೆ ಹೊಳೆದ ಈ ವಿವೇಕವನ್ನು ಇಂದು ನಾವು ಕಳೆದುಕೊಂಡಿದ್ದೇವೆ. ಸೇವಾ ಕೇಂದ್ರದ ಮೇಜಿನ ಆಚೆ ಕುಳಿತವನಿಗೆ ಈಗ ಕಾಣುವುದು ಮಾನಿಟರಿನ ಬೆನ್ನು. ಕೇಳಿಸುವುದು ಒಂದೇ ಮಾತು: 'ಸರ್ವರ್ ಇಲ್ಲ, ನಾಳೆ ಬನ್ನಿ.'

'ನಾಳೆ ಬಾ' ಎಂದಾಗ ಒಂದು ನೆನಪು. 1990ರ ದಶಕದಲ್ಲಿ ಬೆಂಗಳೂರು ಸೇರಿದಂತೆ ಹಲವು ಊರುಗಳಲ್ಲಿ ದೆವ್ವದ ಗುಲ್ಲು ಎದ್ದು, ಜನ ಮನೆಯ ಬಾಗಿಲಿನ ಮೇಲೆ 'ನಾಳೆ ಬಾ' ಎಂದು ಬರೆದಿದ್ದರು. ಗಮನಿಸಿ, ದೆವ್ವಕ್ಕೂ ನಾವು ಕನ್ನಡದಲ್ಲೇ ಹೇಳಿದೆವು. ಅದು ಓದಿಕೊಂಡು ವಾಪಸು ಹೋಗುತ್ತದೆ ಎಂಬ ನಂಬಿಕೆ ನಮಗಿತ್ತು. ದೆವ್ವಕ್ಕೆ ತೋರಿಸಿದ ಮರ್ಯಾದೆಯನ್ನು ತೆರಿಗೆ ಕಟ್ಟುವ ಕನ್ನಡಿಗನಿಗೆ ತೋರಿಸಬಾರದೇ?

ಚಕ್ರ ಬಂದ ದಾರಿ

ಈ ಚಕ್ರದ ಕಥೆಯನ್ನು ತಿಳಿದರೆ ಹೊಣೆ ಯಾರದೆಂದು ಗೊತ್ತಾಗುತ್ತದೆ. ಇಂಟರ್ನೆಟ್ಟಿನ ಮೊದಲ ದಿನಗಳಲ್ಲಿ ಏನು ಒತ್ತಿದರೂ ಇಡೀ ಪುಟ ಅಳಿಸಿ ಹೊಸ ಪುಟ ಬರುತ್ತಿತ್ತು. ಆಗ ಕಾಯುವವನಿಗೆ ಸುದ್ದಿ ಹೇಳುವ ಕೆಲಸ ಬ್ರೌಸರಿನದು. ನೆಟ್‌ಸ್ಕೇಪ್‌ನ ಮೂಲೆಯಲ್ಲಿ ಉಲ್ಕೆಗಳು ಬೀಳುತ್ತಿದ್ದುದು ಹಳಬರಿಗೆ ನೆನಪಿರಬಹುದು. ಉಲ್ಕೆ ಬೀಳುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ.

1999ರಲ್ಲಿ ಮೈಕ್ರೋಸಾಫ್ಟ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರ ಜೊತೆ ಹೊಸ ಉಪಾಯವೊಂದು ಬಂತು. ಇಡೀ ಪುಟ ಬದಲಿಸದೆ ಬೇಕಾದ ತುಣುಕನ್ನಷ್ಟೇ ಹಿಂಬಾಗಿಲಿನಿಂದ ತರಿಸಿಕೊಳ್ಳುವುದು. ಮಾಡು ಸೋರಿದರೆ ಮನೆಯನ್ನೇ ಬಿಚ್ಚದೆ ಒಂದು ಹೆಂಚನ್ನು ಬದಲಿಸಿದ ಹಾಗೆ. 2005ರ ಫೆಬ್ರುವರಿಯಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಎಂಬವರು ಇದಕ್ಕೆ 'ಏಜಾಕ್ಸ್' ಎಂದು ಹೆಸರಿಟ್ಟರು. ಜೀಮೇಲ್, ಗೂಗಲ್ ಮ್ಯಾಪ್ಸ್ ಮೂಲಕ ಅದು ಲೋಕಕ್ಕೆಲ್ಲ ಹಬ್ಬಿತು. ಒಳ್ಳೆಯ ಉಪಾಯವೇ, ನಿಧಾನದ ಸಂಪರ್ಕ ಇರುವವರಿಗೆ ವರದಾನವೇ. ಆದರೆ ಹಿಂಬಾಗಿಲಿನಿಂದ ಬರುವ ಸಾಮಾನಿನ ಬಗ್ಗೆ ಮುಂಬಾಗಿಲಿನಲ್ಲಿ ನಿಂತ ಬ್ರೌಸರ್ ಬಾಯಿ ಬಿಡುವುದಿಲ್ಲ. ಹೇಳುವ ಹೊಣೆ ಈಗ ಪುಟ ಬರೆದವನದು. ಅವನು ಬರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಕನ್ನಡದಲ್ಲಿ ಬರೆದರೆ ಕನ್ನಡ, ಇಂಗ್ಲಿಷಿನಲ್ಲಿ ಬರೆದರೆ ಇಂಗ್ಲಿಷ್.

ಕಾಯುವ ಮನುಷ್ಯನ ಮನಸ್ಸನ್ನು ಬಲ್ಲವರು ಅಳತೆಯನ್ನೂ ಕೊಟ್ಟಿದ್ದಾರೆ. ಜೇಕಬ್ ನೀಲ್ಸನ್ 1993ರ ತಮ್ಮ ಪುಸ್ತಕದಲ್ಲಿ ಮೂರು ಗಡುವು ಹೇಳಿದರು. ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಉತ್ತರ ಬಂದರೆ ಯಂತ್ರ ತಕ್ಷಣ ಓಗೊಟ್ಟಂತೆ ಅನಿಸುತ್ತದೆ. 1 ಸೆಕೆಂಡಿನ ತನಕ ಯೋಚನೆ ಕಡಿಯುವುದಿಲ್ಲ. 10 ಸೆಕೆಂಡು ದಾಟಿದರೆ ಗಮನ ಬೇರೆಡೆಗೆ ಹೋಗುತ್ತದೆ. ಅದಕ್ಕೂ ಮೊದಲು, 1985ರಲ್ಲಿ, ಬ್ರಾಡ್ ಮೈಯರ್ಸ್ ಎಂಬ ಸಂಶೋಧಕರು ಕೆಲಸ ಎಷ್ಟು ಮುಗಿದಿದೆ ಎಂದು ತೋರಿಸಿದರೆ ಜನ ಅದನ್ನೇ ಇಷ್ಟಪಡುತ್ತಾರೆ ಎಂದು ಕಂಡುಕೊಂಡಿದ್ದರು. ಈ ವಿದ್ಯೆ ಹಳೆಯದು, ಎಲ್ಲರಿಗೂ ತೆರೆದದ್ದು. ಕೊರತೆ ಇರುವುದು ಮನಸ್ಸಿನದು.

ಅನುವಾದ ಸಾಲದು, ಮಾತು ಬೇಕು

ಕನ್ನಡ ಹಾಕಿ ಎಂದ ಕೂಡಲೇ ಕೆಲವರು ಯಂತ್ರಕ್ಕೆ ಕೊಟ್ಟು 'ಲೋಡಿಂಗ್' ಪದವನ್ನು ಅನುವಾದ ಮಾಡಿಸಿ ಅಂಟಿಸುತ್ತಾರೆ. 'ಹೊರೆ ಹೇರಲಾಗುತ್ತಿದೆ' ಎಂದು ಬಂದರೂ ಬಂತೇ! ಪಹಣಿ ನೋಡಲು ಕುಳಿತವನು ಲಾರಿಗೆ ಕಾಫಿ ಮೂಟೆ ಏರಿಸುತ್ತಿದ್ದಾರೆ ಎಂದುಕೊಳ್ಳಬೇಕೇ?

ನಮ್ಮ ಜನ ಕಾಯಿಸುವಾಗ ಆಡುವ ಮಾತು ನಮ್ಮಲ್ಲೇ ಇದೆ. 'ಸ್ವಲ್ಪ ತಾಳಿ, ತರುತ್ತಿದ್ದೇವೆ' ಎಂದರೆ ಯಾರಿಗೆ ಅರ್ಥವಾಗುವುದಿಲ್ಲ? ಏನು ಬರುತ್ತಿದೆ ಎಂದೂ ಹೇಳಿಬಿಡಿ: 'ಗ್ರಾಮಗಳ ಪಟ್ಟಿ ಬರುತ್ತಿದೆ', 'ನಿಮ್ಮ ಪಹಣಿ ಹುಡುಕುತ್ತಿದ್ದೇವೆ', 'ಹಣ ಬ್ಯಾಂಕಿಗೆ ಹೋಗಿದೆ, ರಸೀದಿ ಬರುವ ತನಕ ಮತ್ತೆ ಒತ್ತಬೇಡಿ'. ತಡವಾದರೆ 'ತಡವಾಗುತ್ತಿದೆ, ಸಿಗ್ನಲ್ ನೋಡಿಕೊಳ್ಳಿ'. ಕೆಟ್ಟರೆ 'ಬರಲಿಲ್ಲ, ಮತ್ತೆ ಪ್ರಯತ್ನಿಸಿ. ನೀವು ತುಂಬಿದ್ದು ಹಾಗೆಯೇ ಇದೆ'. ಈ ಕೊನೆಯ ಮಾತು ಮುಖ್ಯ. ಸಂಪರ್ಕ ಸತ್ತ ಮೇಲೂ ತಿರುಗುತ್ತಲೇ ಇರುವ ಚಕ್ರ ಸುಳ್ಳುಗಾರ. ಬಾಗಿಲು ಹಾಕಿದ ಕಚೇರಿಯ ಮುಂದೆ 'ಸಾಹೇಬರು ಬರುತ್ತಾರೆ' ಎಂದು ದಿನವಿಡೀ ಕೂರಿಸುವ ಜವಾನನಂತೆ.

ಇಂಗ್ಲಿಷಿನ ಅಚ್ಚಿಗೆ ಕನ್ನಡವನ್ನು ಸುರಿದರೂ ಕೆಡುತ್ತದೆ. ಇಂಗ್ಲಿಷಿನವರು 'ಲೋಡಿಂಗ್' ಎಂದು ಮೊದಲು ಬರೆದು ಅದರ ಮುಂದೆ ಹೆಸರು ಸಿಕ್ಕಿಸುತ್ತಾರೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರಬೇಕು, ಹೆಸರಿಗೆ ವಿಭಕ್ತಿ ಹತ್ತಬೇಕು. ಭಾಗಮಂಡಲಕ್ಕೆ 'ದ' ಹತ್ತುತ್ತದೆ, ನಾಪೋಕ್ಲಿಗೆ 'ವಿನ', ಶನಿವಾರಸಂತೆಗೆ 'ಯ'. ಎಲ್ಲಕ್ಕೂ ಒಂದೇ ಅಚ್ಚು ಒತ್ತಿದರೆ 'ಶನಿವಾರಸಂತೆದ ಗ್ರಾಮಗಳು' ಎಂಬ ವಿಕಾರ ಹುಟ್ಟುತ್ತದೆ. ದಾರಿ ಸುಲಭವಿದೆ. ಹೆಸರನ್ನು ಮುಟ್ಟದೆ ಅದರ ಪಕ್ಕದ ಪದಕ್ಕೆ ಪ್ರತ್ಯಯ ಹಚ್ಚಿ: 'ಶನಿವಾರಸಂತೆ ಹೋಬಳಿಯ ಗ್ರಾಮಗಳು ಬರುತ್ತಿವೆ.' ಯಾವ ಹೋಬಳಿ ಇಟ್ಟರೂ ಕೆಡುವುದಿಲ್ಲ. ಇದಕ್ಕೆ ಪಂಡಿತರೇನೂ ಬೇಡ, ಕನ್ನಡ ಮಾತಾಡುವ ಒಬ್ಬ ಮನುಷ್ಯ ಪಕ್ಕದಲ್ಲಿದ್ದರೆ ಸಾಕು.

ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಕತ್ತರಿಸಿದ ಪೆಟ್ಟಿಗೆಯಲ್ಲಿ ನಮ್ಮ ಒತ್ತಕ್ಷರ ಹಿಡಿಯುವುದಿಲ್ಲ. 'ತಾಲ್ಲೂಕು' ಎಂದು ಬರೆದರೆ ಲ ಒತ್ತಿನ ಕಾಲು ತುಂಡಾಗುತ್ತದೆ. ಕಣ್ಣು ಕಾಣದವರ ಮಾತು ಇನ್ನೂ ಗಂಭೀರ. ತಿರುಗುವ ಚಿತ್ರ ಅವರಿಗೆ ಇಲ್ಲವೇ ಇಲ್ಲ. ಬದಲಾದದ್ದನ್ನು ಓದಿ ಹೇಳುವ ತಂತ್ರಾಂಶಕ್ಕೆ ಪುಟವೇ ಸೂಚನೆ ಕೊಡಬೇಕು, ಇದು ಕನ್ನಡ ಎಂದೂ ಗುರುತು ಹಾಕಬೇಕು. ಇಂಥ ಸ್ಥಿತಿಸೂಚನೆಗಳು ಓದುಯಂತ್ರಕ್ಕೆ ತಿಳಿಯಬೇಕೆಂಬ ನಿಯಮ 2018ರ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲೇ ಇದೆ. ಇ-ಸ್ಪೀಕ್‌ನಂಥ ಉಚಿತ ತಂತ್ರಾಂಶ ಕನ್ನಡ ಓದುತ್ತದೆ. ಯಂತ್ರ ಕನ್ನಡ ಕಲಿತಿದೆ. ಕಲಿಯಬೇಕಾದವರು ನಾವು!

ನೆಪಗಳಿಗೆ ಉತ್ತರ

ಒಂದನೆಯ ನೆಪ: 'ಕನ್ನಡ ಹಾಕಿದರೆ ಪುಟ ಭಾರವಾಗುತ್ತದೆ.' ಯೂನಿಕೋಡ್‌ನ ಯುಟಿಎಫ್-8 ಲೆಕ್ಕದಲ್ಲಿ 'ದಯವಿಟ್ಟು ತಾಳಿ' ಎಂಬುದರ ತೂಕ ಬರೀ 37 ಬೈಟು. ಕುಣಿಯುವ ಚಕ್ರದ ಚಿತ್ರ ಇದರ ನೂರಾರು ಪಟ್ಟು ತೂಗಬಲ್ಲದು. ಭಾರ ಯಾವುದು, ಹೇಳಿ. ಇನ್ನೊಂದು ಮಾತು. ಆ ಸಂದೇಶ ಪುಟದ ಜೊತೆಯಲ್ಲೇ ಮೊದಲೇ ಬಂದು ಕುಳಿತಿರಬೇಕು. ಸಂಪರ್ಕ ಕೆಟ್ಟಾಗ 'ಸಂಪರ್ಕ ಕೆಟ್ಟಿದೆ' ಎಂಬ ಸಂದೇಶವನ್ನು ಬೆಂಗಳೂರಿನಿಂದ ತರಿಸಲು ಹೊರಟರೆ ಅದೂ ದಾರಿಯಲ್ಲೇ ನಿಲ್ಲುತ್ತದೆ.

ಎರಡನೆಯ ನೆಪ: 'ಲೋಡಿಂಗ್ ಎಂದರೆ ಈಗ ಎಲ್ಲರಿಗೂ ಗೊತ್ತು.' ಆ ಪದ ಗೊತ್ತಿರಬಹುದು. ಆದರೆ 'ಸೆಷನ್ ಎಕ್ಸ್‌ಪೈರ್ಡ್', 'ರಿಕ್ವೆಸ್ಟ್ ಟೈಮ್ಡ್ ಔಟ್', 'ಡೂ ನಾಟ್ ರಿಫ್ರೆಶ್'? ಇವುಗಳ ಅರ್ಥ ತಿಳಿಯದಿದ್ದರೆ ದುಡ್ಡೂ ಹೋಗುತ್ತದೆ, ದಿನವೂ ಹೋಗುತ್ತದೆ.

ಮೂರನೆಯದು ಜಾಣರ ನೆಪ: 'ಕೊಡಗಿನಲ್ಲಿ ಎಲ್ಲರ ಮನೆಮಾತು ಕನ್ನಡವಲ್ಲವಲ್ಲ!' ನಿಜ. ಅಲ್ಲಿ ಕೊಡವ ತಕ್ಕ್ ಇದೆ, ಅರೆಭಾಷೆ ಇದೆ, ಯರವ, ಕುರುಬರ ನುಡಿಗಳಿವೆ, ತುಳು, ಮಲಯಾಳ ಇವೆ. ಆ ನುಡಿಗಳಲ್ಲೂ ಸಂದೇಶ ಬರಲಿ, ನಮಗೆ ಸಂತೋಷ. ಕೊಡವ ತಕ್ಕನ್ನೂ ಅರೆಭಾಷೆಯನ್ನೂ ಬಹುತೇಕ ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ, ಕಷ್ಟವೇನೂ ಇಲ್ಲ. ಆದರೆ ಆ ನೆಪದಲ್ಲಿ ಇಂಗ್ಲಿಷನ್ನು ತಂದು ಕೂರಿಸುವುದು ಯಾವ ನ್ಯಾಯ? ಅದು ಅಲ್ಲಿ ಯಾರ ಅಜ್ಜಿಯ ಮಾತು?

ಗೆಳೆಯರೇ, ಬರೆಯುವವರು ನೀವೇ

ಬೋರ್ಡಿನ ಹೋರಾಟದಲ್ಲಿ ಎದುರಿಗಿದ್ದವರು ಅಂಗಡಿಯವರು, ಕಂಪನಿಯವರು. 2024ರಲ್ಲಿ ನಾಮಫಲಕದ ಶೇಕಡಾ 60ರಷ್ಟು ಜಾಗ ಕನ್ನಡಕ್ಕೆ ಎಂಬ ಕಾನೂನು ತಿದ್ದುಪಡಿ ಬಂತು. ಒಳ್ಳೆಯದಾಯಿತು. ಆದರೆ ಈ ಚಕ್ರದ ವಿಷಯದಲ್ಲಿ ಎದುರಿಗಿರುವವರು ಯಾರು? ಪುಟಗಳನ್ನು ಬರೆಯುವ ಸಾವಿರಾರು ಕೈಗಳಲ್ಲಿ ಕನ್ನಡದ ಹುಡುಗ ಹುಡುಗಿಯರ ಕೈಗಳೂ ಇವೆ. ರಾಜ್ಯೋತ್ಸವದಂದು ಕೆಂಪು ಹಳದಿ ಶಾಲು ಹೊದ್ದು ಕಚೇರಿಯಲ್ಲಿ ಬಾವುಟ ಏರಿಸುವ ಅದೇ ಕೈಗಳು ಮರುದಿನ ಬೆಳಿಗ್ಗೆ 'ಪ್ಲೀಸ್ ವೇಟ್' ಎಂದು ಕುಟ್ಟುತ್ತವೆ. ಯಾರೂ ಬೇಡವೆಂದಿರುವುದಿಲ್ಲ. ಕೇಳುವವರಿಲ್ಲ ಎಂದು ಬಿಟ್ಟಿರುತ್ತೇವೆ, ಅಷ್ಟೆ.

ಕನ್ನಡದ ಕಂಪ್ಯೂಟರ್ ಕೆಲಸ ಯಾರೋ ಆಜ್ಞೆ ಮಾಡಿ ನಡೆದದ್ದಲ್ಲ. ಕೆ.ಪಿ. ರಾವ್ ಅವರು ಕೀಲಿಮಣೆಯ ವಿನ್ಯಾಸ ಕೊಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಕನ್ನಡ ಗಣಕ ಪರಿಷತ್ತು 'ನುಡಿ' ಕೊಟ್ಟಿತು. 2003ರಿಂದ ಕನ್ನಡ ವಿಕಿಪೀಡಿಯವನ್ನು ಬೆಳೆಸಿದವರು ಸಂಬಳವಿಲ್ಲದ ಸ್ವಯಂಸೇವಕರು. ಅದರ ಗುಂಡಿಗಳ ಮೇಲಿನ ಮಾತು, ಸೂಚನೆಗಳನ್ನೂ ಟ್ರಾನ್ಸ್‌ಲೇಟ್‌ವಿಕಿ ತಾಣದಲ್ಲಿ ಯಾರು ಬೇಕಾದರೂ ಕನ್ನಡಕ್ಕೆ ತರಬಹುದು. ಅವರ ಮುಂದೆ ನಮ್ಮ ಪಾಲಿಗೆ ಬಂದಿರುವುದು ನಾಲ್ಕು ಸಾಲಿನ ಕೆಲಸ!

ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಸಂಪರ್ಕವನ್ನು ಬೇಕೆಂದೇ ನಿಧಾನ ಮಾಡಿ ಪುಟವನ್ನು ಪರೀಕ್ಷಿಸುವ ಸೌಲಭ್ಯವಿದೆ. ನಿಮ್ಮ ಪುಟವನ್ನು ಒಪ್ಪಿಸುವ ಮೊದಲು ಒಮ್ಮೆ ಹಾಗೆ ನಡೆಸಿ ನೋಡಿ. ನಡುವೆ ಸಂಪರ್ಕ ಕಡಿದು ನೋಡಿ. ಆಗ ನಿಮ್ಮ ಪರದೆ ಏನು ಹೇಳುತ್ತದೋ ಅದನ್ನೇ ಭಾಗಮಂಡಲದವರು ದಿನವೂ ನೋಡುತ್ತಾರೆ.

ನಮ್ಮ ಹಕ್ಕೊತ್ತಾಯ

1. ಕರ್ನಾಟಕ ಸರ್ಕಾರದ ಸೇವೆ ಕೊಡುವ ಪ್ರತಿ ಪುಟದಲ್ಲೂ ಯಾವ ತುಣುಕು ಬದಲಾಗುತ್ತಿದೆಯೋ ಅದರ ಪಕ್ಕದಲ್ಲೇ ಕನ್ನಡದ ಸೂಚನೆ ಕಾಣಬೇಕು.

2. 'ಇನ್ನೂ ಬಂದಿಲ್ಲ', 'ಏನೂ ಇಲ್ಲ', 'ಬರಲಾಗಲಿಲ್ಲ' ಎಂಬ ಮೂರು ಸ್ಥಿತಿಗಳಿಗೆ ಬೇರೆ ಬೇರೆ ಮಾತು ಇರಬೇಕು. ಹೊಸ ಪಟ್ಟಿ ಬರುವ ತನಕ ಹಳೆಯ ಪಟ್ಟಿಯನ್ನು ಒತ್ತಲು ಬಿಡಬಾರದು.

3. ಹಣ ಕಟ್ಟುವ ಗುಂಡಿ ಒಮ್ಮೆ ಒತ್ತಿದ ಮೇಲೆ ಮುಚ್ಚಿಕೊಳ್ಳಬೇಕು. ಎರಡನೇ ಸಲ ಒತ್ತಿದರೂ ಎರಡನೇ ಸಲ ಹಣ ಹೋಗದಂತೆ ಸರ್ವರಿನಲ್ಲೂ ತಡೆ ಇರಬೇಕು.

4. ಸೇವಾ ಕೇಂದ್ರಗಳಲ್ಲಿ ಭೂಮಿ ಕೇಂದ್ರದ ಹಾಗೆ ಅರ್ಜಿದಾರನ ಕಡೆಗೂ ಒಂದು ಪರದೆ ಇರಬೇಕು.

5. ಪುಟ ಮಾಡಿಕೊಟ್ಟ ಕಂಪನಿಗೆ ಬಿಲ್ಲು ಪಾವತಿಸುವ ಮೊದಲು ಮಳೆಗಾಲದಲ್ಲಿ ಕೊಡಗಿನಂಥ ಜಿಲ್ಲೆಯಲ್ಲಿ, ಕನ್ನಡ ಮಾತ್ರ ಬಲ್ಲವರ ಕೈಯಲ್ಲಿ ಪರೀಕ್ಷೆ ನಡೆಸಬೇಕು.

1956ರ ನವೆಂಬರ್ 1ರಂದು ಕೊಡಗು ತನ್ನ ಪ್ರತ್ಯೇಕ ರಾಜ್ಯವನ್ನು ಬಿಟ್ಟು ಕನ್ನಡ ನಾಡಿನೊಳಗೆ ಬಂತು. 1963ರ ಅಧಿನಿಯಮ ಕನ್ನಡವನ್ನು ರಾಜ್ಯದ ಆಡಳಿತ ಭಾಷೆ ಎಂದಿತು. ಆಡಳಿತ ಎಂದರೆ ವಿಧಾನಸೌಧದ ಕಡತ ಮಾತ್ರವಲ್ಲ. ಅರ್ಜಿ ಹಾಕಿ ಕುಳಿತವನಿಗೆ 'ತಾಳಿ, ನಿಮ್ಮ ಕೆಲಸ ನಡೆಯುತ್ತಿದೆ' ಎಂದು ಹೇಳುವುದೂ ಆಡಳಿತವೇ.

ಹಾಗಾಗಿ ಇನ್ನು ಮುಂದೆ ಪರದೆಯ ಮೇಲೆ ಇಂಗ್ಲಿಷ್ ಚಕ್ರ ಕಂಡಾಗ ಸುಮ್ಮನೆ ಕಾಯಬೇಡಿ. ಅದರ ಚಿತ್ರ ಹಿಡಿಯಿರಿ. ದಿನ, ಹೊತ್ತು, ಊರು ಬರೆಯಿರಿ. ಆ ಇಲಾಖೆಗೂ ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೂ ಕನ್ನಡದಲ್ಲೇ ಕಳಿಸಿ. ಒಬ್ಬರು ಕಳಿಸಿದರೆ ಕಸದ ಬುಟ್ಟಿಗೆ ಹೋದೀತು. ಸಾವಿರ ಜನ ಕಳಿಸಿದರೆ ಯಾವ ಬುಟ್ಟಿ ಸಾಕಾದೀತು?